ಜೇನಿನ ಮುಳ್ಳು



ಜೇನೆಂದರೆ ನಮಗೆ ಮೊದಲು ನೆನಪಾಗುವುದು ಅದರ ಸವಿ. ನಮ್ಮ ಕವಿಗಳು ಬಹುಕಾಲದಿಂದ ಮಾತಿನ ಇಂಪನ್ನೂ ಹಣ್ಣಿನ ರಸವನ್ನೂ ಜೇನಿಗೆ ಹೋಲಿಸುತ್ತ ಬಂದಿದ್ದಾರೆ. ದೇವರ ಪಂಚಾಮೃತದಲ್ಲಿ ಅದಕ್ಕೆ ಸ್ಥಾನವುಂಟು. ವೈದ್ಯರು ಹೇಳುವ ಅನುಪಾನದಲ್ಲಿಯೂ ಸ್ಥಾನವುಂಟು. ಸುಶ್ರುತಸಂಹಿತೆಯು ಎಂಟು ಬಗೆಯ ಜೇನುಗಳನ್ನು ಹೆಸರಿಸಿ ಒಂದೊಂದರ ಗುಣವನ್ನೂ ಬೇರೆಬೇರೆಯಾಗಿ ತಿಳಿಸಿದೆ. ಇಷ್ಟೆಲ್ಲ ಗೌರವ ಜೇನಿಗೆ ಸಂದಿದ್ದರೂ, ಅದನ್ನು ಕೂಡಿಡುವ ನೊಣದ ಇನ್ನೊಂದು ಸ್ವತ್ತಾದ ಮುಳ್ಳನ್ನು ಕುರಿತು ಆಲೋಚಿಸುವವರು ಕಡಮೆ. ಅದು ಚುಚ್ಚಿದಾಗ ಒಮ್ಮೆ ಕೂಗಿಕೊಳ್ಳುತ್ತೇವೆ, ಕೈಗೆ ಸಿಕ್ಕಿದ ಸುಣ್ಣವನ್ನೋ ಈರುಳ್ಳಿಯನ್ನೋ ಉಜ್ಜುತ್ತೇವೆ, ಎರಡು ದಿನ ಊದಿಕೊಂಡಿದ್ದು ಮರೆತುಬಿಡುತ್ತೇವೆ. ಈ ಹೊತ್ತು ಆ ಮುಳ್ಳಿನ ವಿಚಾರವಾಗಿಯೇ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನೋವಿನ ಕಥೆ ಹೇಳಿ ತಮ್ಮ ಅನುಕಂಪವನ್ನು ಗಳಿಸುವುದು ನನ್ನ ಉದ್ದೇಶವಲ್ಲ. ಗಾಯವಾದಾಗ ಯಾವ ಕೆಲಸವನ್ನು ತತ್‌ಕ್ಷಣ ಮಾಡಬೇಕು, ಯಾವುದನ್ನು ದೇಹಕ್ಕೇ ಬಿಟ್ಟುಕೊಡಬೇಕು, ಯಾವುದನ್ನು ವೈದ್ಯನಿಗೆ ಒಪ್ಪಿಸಬೇಕು ಎಂಬ ಮೂರು ವಿವೇಕಗಳನ್ನು ಈ ಸಣ್ಣ ಮುಳ್ಳು ನಮಗೆ ಕಲಿಸಬಲ್ಲುದು. ಅದನ್ನು ತೋರಿಸುವುದೇ ನನ್ನ ಉದ್ದೇಶ.

ಮೊದಲು ನೊಣದ ಪರಿಚಯವಾಗಲಿ. ನಮ್ಮ ನಾಡಿನಲ್ಲಿ ಸಾಮಾನ್ಯವಾಗಿ ಕಾಣುವ ಜೇನು ನಾಲ್ಕು ಬಗೆ. ಎತ್ತರವಾದ ಮರದ ಕೊಂಬೆಗೆ, ಬಂಡೆಯ ಮರೆಗೆ, ದೇವಸ್ಥಾನದ ಗೋಪುರಕ್ಕೆ, ಈಚೆಗೆ ನೀರಿನ ಟ್ಯಾಂಕಿಗೆ ಮತ್ತು ಬಹುಮಹಡಿಯ ಮನೆಗಳ ಸೂರಿಗೆ ಒಂದೇ ಒಂದು ದೊಡ್ಡ ಹಲ್ಲೆಯನ್ನು ತೂಗುಹಾಕುವುದು ಹೆಜ್ಜೇನು. ಮರದ ಪೊಟರೆಯಲ್ಲಿ, ಹುತ್ತದಲ್ಲಿ, ಗೋಡೆಯ ಸಂದಿನಲ್ಲಿ ಹಲವು ಹಲ್ಲೆಗಳನ್ನು ಸಾಲಾಗಿ ಕಟ್ಟಿಕೊಂಡಿರುವುದು ತುಡುವೆ. ಪೆಟ್ಟಿಗೆಯಲ್ಲಿ ಸಾಕಲು ಇದು ಒಗ್ಗುವುದು. ಪೊದೆಯ ಕಡ್ಡಿಗೆ ಅಂಗೈಯಗಲದ ಹಲ್ಲೆ ಕಟ್ಟುವುದು ಕೋಲುಜೇನು. ನಾಲ್ಕನೆಯದು ನಸರಿ ಅಥವಾ ಮಿಸ್ರಿ. ಸೊಳ್ಳೆಗಿಂತ ಸ್ವಲ್ಪವೇ ದಪ್ಪವಾದ ಈ ಬಡಜೀವಿಗೆ ಚುಚ್ಚುವ ಮುಳ್ಳೇ ಇಲ್ಲ. ಉಳಿದ ಮೂರರಲ್ಲಿಯೂ ಚುಚ್ಚುವುದು ದುಡಿಯುವ ಹೆಣ್ಣುನೊಣ. ಗಂಡಿಗೆ ಆ ಸಾಮರ್ಥ್ಯವಿಲ್ಲ.

ಕೆಲವು ವರ್ಷಗಳ ಹಿಂದೆ ಹಾಸನ ಜಿಲ್ಲೆ ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಗೆ ಮಿತ್ರರೊಬ್ಬರ ಮನೆಯ ಮಂಗಳಕಾರ್ಯಕ್ಕೆಂದು ಹೋಗಿದ್ದೆ. ಮಾವಿನಕೆರೆಯ ಬೆಟ್ಟವನ್ನು ದೂರದಿಂದಲೇ ನೋಡಿಕೊಂಡು ಹೊಲಗಳ ನಡುವೆ ಒಂದು ಸುತ್ತು ತಿರುಗಾಡಿ ಬರೋಣವೆಂದು ನಾವಿಬ್ಬರು ಹೊರಟೆವು. ಕಾರ್ತಿಕ ಮಾಸ. ರಾಗಿಯ ಹೊಲಗಳ ಅಂಚಿನಲ್ಲಿ ಹುಚ್ಚೆಳ್ಳು ಹೂ ಬಿಟ್ಟು, ಯಾರೋ ಅರಿಸಿನದ ಗೆರೆ ಎಳೆದಂತೆ ಕಾಣುತ್ತಿತ್ತು. ಬದುವಿನ ಮೇಲೆ ನಡೆಯುತ್ತಿದ್ದಾಗ, ಯಾವ ಮುನ್ಸೂಚನೆಯೂ ಇಲ್ಲದೆ, ಕಿವಿಯ ಕೆಳಗೆ ಕತ್ತಿಗೆ ಕಾದ ಸೂಜಿ ಇಟ್ಟಂತಾಯಿತು. ನನ್ನ ಸಂಗಡಿಗರು ಜೇಬಿನಿಂದ ಬೀಗದ ಕೈ ತೆಗೆದು, ಕಬ್ಬಿಣ ಉಜ್ಜಿದರೆ ಉರಿ ಇಳಿಯುವುದೆಂದು ಮುಂದೆ ಬಂದರು. ಪಕ್ಕದ ಹೊಲದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ವೃದ್ಧೆಯೊಬ್ಬರು ಅಲ್ಲಿಂದಲೇ ಕೂಗಿದರು: “ಉಜ್ಜಬ್ಯಾಡಿ ಕಣಪ್ಪ! ಮೊದ್ಲು ಮುಳ್ಳು ಕೀಳಿ.” ಅಷ್ಟು ಹೇಳಿ ತಾವೇ ಬಂದು ಉಗುರಿನಿಂದ ಅದನ್ನು ಕೆರೆದು ತೆಗೆದರು. ಬಳಿಕ, “ಇಲ್ಲಿ ನಿಲ್ಲಬ್ಯಾಡಿ, ಇನ್ನೊಂದು ಬತ್ತದೆ. ಆ ಹುಣಸೇಮರದ ತಾವ್ಕೆ ನಡೀರಿ,” ಎಂದರು. ಮರದ ನೆರಳಿನಲ್ಲಿ ಕೂರಿಸಿ ನನ್ನ ಮುಖವನ್ನು ದಿಟ್ಟಿಸಿ ನೋಡಿ, “ಗಂಟ್ಲು ಬಿಗೀತದಾ? ಮೈಯೆಲ್ಲ ಕಡೀತದಾ?” ಎಂದು ಕೇಳಿದರು. “ಇಲ್ಲ ಅಜ್ಜಿ, ಉರಿ ಮಾತ್ರ,” ಎಂದೆ. “ಅಂಗಾದ್ರೆ ಏನೂ ಆಗಾಕಿಲ್ಲ ಬಿಡಿ. ನಮ್ಮೂರಲ್ಲಿ ಒಬ್ಬ ಗಟ್ಟಿ ಆಳು ಒಂದೇ ಹುಳಕ್ಕೆ ಹೋಗ್ಬುಟ್ಟ, ಅದ್ಕೇ ಕೇಳ್ದೆ.” ಅರ್ಧ ಗಂಟೆಯ ಹೊತ್ತು ಆಕೆ ಕೆಲಸವನ್ನು ಬಿಟ್ಟು ನಮ್ಮ ಜೊತೆಯಲ್ಲಿಯೇ ಕುಳಿತಿದ್ದರು.

ಊರಿಗೆ ಹಿಂದಿರುಗಿದ ಮೇಲೆ ಕುತೂಹಲದಿಂದ ಈ ವಿಷಯವನ್ನು ಕುರಿತು ಓದಿದೆ, ತಿಳಿದವರನ್ನು ಕೇಳಿದೆ. ಆ ಅಜ್ಜಿ ಮಾಡಿದ ಮೂರು ಕೆಲಸಗಳಿಗೂ, ಎಂದರೆ ಮುಳ್ಳು ಕಿತ್ತುದು, ಜಾಗ ಬಿಡಿಸಿದುದು, ಗಂಟಲನ್ನು ವಿಚಾರಿಸಿ ಕಾದು ಕುಳಿತುದು, ಈ ಮೂರಕ್ಕೂ ಶಾಸ್ತ್ರದ ಆಧಾರವಿರುವುದು ಗೊತ್ತಾಯಿತು. ಅವನ್ನು ಒಂದೊಂದಾಗಿ ನೋಡೋಣ.

ಜೇನಿನ ಮುಳ್ಳು ನೇರವಾದ ಸೂಜಿಯಲ್ಲ. ಹಿಮ್ಮುಖವಾದ ಹಲ್ಲುಗಳುಳ್ಳ ಎರಡು ಸಣ್ಣ ಗರಗಸಗಳು ಒಂದು ದೋಣಿಯಲ್ಲಿ ಜೋಡಿಯಾಗಿ ಕೂಡಿರುತ್ತವೆ. ಒಂದು ಮುಂದಕ್ಕೆ ಜಾರಿದಾಗ ಇನ್ನೊಂದು ಹಿಡಿದು ನಿಲ್ಲುವುದು; ಹೀಗೆ ಸರದಿಯ ಮೇಲೆ ಚರ್ಮದೊಳಕ್ಕೆ ಇಳಿಯುತ್ತವೆ. ನಮ್ಮ ಚರ್ಮ ಬಿಗಿಯಾದುದರಿಂದ ನೊಣ ಹಾರಿಹೋಗಲು ಎಳೆದಾಗ ಮುಳ್ಳು ಬಾರದೆ, ವಿಷದ ಚೀಲವೂ ಸ್ನಾಯುಗಳೂ ನರದ ಗಂಟೂ ಕಿತ್ತು ನಮ್ಮ ಮೈಯಲ್ಲಿ ಉಳಿಯುವುವು. ನೊಣ ಸ್ವಲ್ಪ ಕಾಲದಲ್ಲಿ ಸಾಯುವುದು. ಆದರೆ ಅದು ಬಿಟ್ಟುಹೋದ ಯಂತ್ರ ಸಾಯುವುದಿಲ್ಲ. ಒಡತಿ ಇಲ್ಲದಿದ್ದರೂ ಆ ಸ್ನಾಯುಗಳು ಮಿಡಿಯುತ್ತಲೇ ಇದ್ದು ವಿಷವನ್ನು ಒಳಕ್ಕೆ ತಳ್ಳುತ್ತಿರುವುವು. 1994ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇದನ್ನು ಅಳೆದು ನೋಡಿದರು: ಚೀಲದಲ್ಲಿರುವ ವಿಷದಲ್ಲಿ ನೂರಕ್ಕೆ ತೊಂಬತ್ತು ಪಾಲು ಮೊದಲ 20 ಸೆಕೆಂಡುಗಳಲ್ಲಿಯೇ ಮೈಗೆ ಸೇರುವುದು, ಒಂದು ನಿಮಿಷದಲ್ಲಿ ಎಲ್ಲವೂ ಮುಗಿಯುವುದು.

ಮುಳ್ಳನ್ನು ಬೆರಳುಗಳಿಂದ ಹಿಡಿದು ಎಳೆಯಬಾರದು, ಚೀಲ ಹಿಸುಕಿ ವಿಷ ಹೆಚ್ಚುವುದು, ಚಾಕುವಿನ ಅಲಗಿನಿಂದ ಕೆರೆದೇ ತೆಗೆಯಬೇಕು ಎಂದು ಬಹುಕಾಲ ಪುಸ್ತಕಗಳಲ್ಲಿ ಬರೆಯುತ್ತಿದ್ದರು. 1996ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಗಳು ತಮ್ಮ ತೋಳಿನ ಮೇಲೆಯೇ ನೊಣಗಳಿಂದ ಚುಚ್ಚಿಸಿಕೊಂಡು ಪರೀಕ್ಷಿಸಿದರು. ಹಿಸುಕಿ ತೆಗೆದರೂ ಕೆರೆದು ತೆಗೆದರೂ ಬಾವಿನ ಗಾತ್ರದಲ್ಲಿ ವ್ಯತ್ಯಾಸ ಕಾಣಲಿಲ್ಲ. ತೆಗೆಯುವುದಕ್ಕೆ ತಡವಾದಷ್ಟೂ ಬಾವು ದೊಡ್ಡದಾಯಿತು. ಚಾಕು ಹುಡುಕುತ್ತ ಹೋಗುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಉಗುರು, ಬೆರಳು, ಪಂಚೆಯ ಅಂಚು, ಯಾವುದು ಮೊದಲು ಒದಗಿತೋ ಅದೇ ಉತ್ತಮವಾದ ಸಾಧನ. ಇದು ಮೊದಲನೆಯ ಪಾಠ. ಪ್ರಥಮ ಚಿಕಿತ್ಸೆಯಲ್ಲಿ ಅನೇಕ ವೇಳೆ ಕ್ರಮಕ್ಕಿಂತ ಕಾಲವೇ ಮುಖ್ಯ. ಸುಣ್ಣವೋ ಕೆಮ್ಮಣ್ಣೋ ತುಂಬೆಸೊಪ್ಪೋ ಎಂಬ ಚರ್ಚೆ ಆಮೇಲೆ ನಡೆಯಬಹುದು. ಮುಳ್ಳು ಮೈಯಲ್ಲಿರುವಾಗ ನಡೆಯಬಾರದು.

ಜಾಗ ಬಿಡಿಸಿದುದಕ್ಕೂ ಕಾರಣವುಂಟು. ಚುಚ್ಚಿದ ಕ್ಷಣದಲ್ಲಿ ಮುಳ್ಳಿನ ಬುಡದಿಂದ ಒಂದು ವಾಸನೆ ಹೊರಡುವುದು. ಅದರಲ್ಲಿರುವ ಮುಖ್ಯ ದ್ರವ್ಯ ಐಸೊಪೆಂಟೈಲ್ ಅಸಿಟೇಟ್ ಎಂದು 1962ರಲ್ಲಿ ಗುರುತಿಸಿದರು. ನಮಗೆ ಅದು ಕಳಿತ ಬಾಳೆಯ ಹಣ್ಣಿನ ಕಂಪಿನಂತೆ ತೋರುವುದು, ನೊಣಗಳಿಗೆ ಮಾತ್ರ “ಶತ್ರು ಇಲ್ಲಿದ್ದಾನೆ” ಎಂಬ ಕಹಳೆಯಾಗುವುದು. ಒಂದು ನೊಣ ಚುಚ್ಚಿದ ಕಡೆಗೇ ಇನ್ನಷ್ಟು ನೊಣಗಳು ಬರುವುದು ಇದರಿಂದ. ಆದುದರಿಂದ ಅಲ್ಲಿಯೇ ನಿಂತು ಕೈ ಬೀಸುವುದು, ನೊಣವನ್ನು ಹೊಸಕುವುದು ಅಪಾಯವನ್ನು ಕರೆದುಕೊಂಡಂತೆಯೇ ಸರಿ.

ಇನ್ನು ಉರಿ ಮತ್ತು ಬಾವಿನ ವಿಷಯ. ಒಂದು ನೊಣದ ವಿಷವನ್ನು ತೂಗಿದರೆ ಮಿಲಿಗ್ರಾಮಿನ ಹತ್ತನೆಯ ಒಂದು ಪಾಲಿನ ಆಸುಪಾಸಿನಲ್ಲಿರುವುದು. ಒಣಗಿಸಿದ ವಿಷದಲ್ಲಿ ಅರ್ಧದಷ್ಟು ಮೆಲಿಟಿನ್ ಎಂಬ ಪದಾರ್ಥ. ಜೀವಕೋಶಗಳ ಪೊರೆಯನ್ನು ಭೇದಿಸಿ ನೋವನ್ನುಂಟುಮಾಡುವುದು ಅದರ ಕೆಲಸ. ಅದಕ್ಕೆ ಸಹಾಯಕವಾಗಿ ಊತಕಗಳನ್ನು ಸಡಿಲಿಸಿ ದಾರಿ ಬಿಡಿಸುವ ಕಿಣ್ವಗಳೂ ಇವೆ. ಆದರೆ ಎರಡನೆಯ ದಿನ ಕನ್ನಡಿಯಲ್ಲಿ ಕಾಣುವ ಊದಿದ ಮುಖವೆಲ್ಲ ವಿಷದ ಕೃತಿಯಲ್ಲ. ಅದರಲ್ಲಿ ಬಹುಭಾಗ ನಮ್ಮ ದೇಹದ ಕೃತಿ. ಪೆಟ್ಟು ಬಿದ್ದ ಕಡೆ ರಕ್ತನಾಳಗಳು ಹಿಗ್ಗಿ, ನೀರು ಸೋರಿ, ಬಿಳಿಯ ರಕ್ತಕಣಗಳು ಗುಂಪುಗೂಡಿ ವಿಷವನ್ನು ಒಡೆದು ಸಾಗಿಸುತ್ತವೆ. ರಸ್ತೆಯ ದುರಸ್ತಿ ನಡೆಯುವಾಗ ಸಂಚಾರಕ್ಕೆ ಅಡಚಣೆಯಾಗುವಂತೆ, ಮೈಯ ದುರಸ್ತಿಯ ಕಾಲದಲ್ಲಿ ಕೆಂಪು, ಬಿಸಿ, ಬಾವು, ನವೆ ಇವು ಸಹಜ. ಬಾವು ಎರಡು ದಿನ ಹೆಚ್ಚಿ, ವಾರದೊಳಗೆ ತಾನಾಗಿ ಇಳಿಯುವುದು. ಸೋಪಿನಿಂದ ತೊಳೆದು, ತಣ್ಣೀರಿನ ಬಟ್ಟೆಯನ್ನೋ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನೋ ಇಟ್ಟರೆ ಸಾಕು. ನವೆ ಹೆಚ್ಚಾದರೆ ವೈದ್ಯರು ಒಂದು ಮಾತ್ರೆ ಕೊಟ್ಟಾರು. ಬಾಯೊಳಗೆ, ಗಂಟಲಲ್ಲಿ ಅಥವಾ ಕಣ್ಣಿಗೆ ಚುಚ್ಚಿದ್ದರೆ ಮಾತ್ರ ಈ ಸಮಾಧಾನ ಸಲ್ಲದು. ಆಗ ಕೂಡಲೇ ವೈದ್ಯನನ್ನು ಕಾಣಬೇಕು. ಉಳಿದಂತೆ, ಕೆಂಪಾಗಿರುವುದೆಲ್ಲ ಕೀವಲ್ಲ, ಊದಿರುವುದೆಲ್ಲ ರೋಗವಲ್ಲ. ವಾಸಿಯಾಗುತ್ತಿರುವ ಮೈಗೆ ಅವಕಾಶ ಕೊಡುವುದೂ ಚಿಕಿತ್ಸೆಯ ಒಂದು ಅಂಗ. ಇದು ಎರಡನೆಯ ಪಾಠ.

ಮೂರನೆಯ ಪಾಠ ಎಲ್ಲಕ್ಕಿಂತ ಗಂಭೀರವಾದುದು. ಮನೆಯ ಕಾವಲುಗಾರ ಕಳ್ಳನನ್ನು ಹಿಡಿಯುವ ಭರದಲ್ಲಿ ಮನೆಗೇ ಬೆಂಕಿಯಿಟ್ಟರೆ ಹೇಗೆ? ಕೆಲವರ ದೇಹದಲ್ಲಿ ಆಗುವುದು ಹೀಗೆಯೇ. 1902ರಲ್ಲಿ ಫ್ರಾನ್ಸಿನ ಷಾರ್ಲ್ ರಿಷೆ ಮತ್ತು ಪೋಲ್ ಪೋರ್ಟಿಯೆ ಎಂಬ ಇಬ್ಬರು ವಿಜ್ಞಾನಿಗಳು ಕಡಲ ಜೀವಿಯೊಂದರ ವಿಷವನ್ನು ನಾಯಿಗಳಿಗೆ ಚುಚ್ಚಿ, ಅವು ವಿಷಕ್ಕೆ ಒಗ್ಗಿಕೊಳ್ಳುವುವೇ ಎಂದು ಪರೀಕ್ಷಿಸುತ್ತಿದ್ದರು. ಮೊದಲ ಸಲ ತಾಳಿಕೊಂಡ ನಾಯಿಗೆ ಮೂರು ನಾಲ್ಕು ವಾರಗಳ ತರುವಾಯ ಅಲ್ಪಪ್ರಮಾಣದಲ್ಲಿ ಮತ್ತೆ ಕೊಟ್ಟಾಗ, ಒಗ್ಗಿಕೊಳ್ಳುವುದಕ್ಕೆ ಬದಲಾಗಿ ಅದು ಅರ್ಧ ಗಂಟೆಯೊಳಗೆ ಸತ್ತುಹೋಯಿತು. ರಕ್ಷಣೆಗೆ ವಿರುದ್ಧವಾದ ಈ ಸ್ಥಿತಿಗೆ ಅವರು ಅನಫಿಲಾಕ್ಸಿಸ್ ಎಂದು ಹೆಸರಿಟ್ಟರು. ಈ ಸಂಶೋಧನೆಗಾಗಿ ರಿಷೆಗೆ 1913ರಲ್ಲಿ ನೊಬೆಲ್ ಬಹುಮಾನ ಬಂದಿತು.

ಹಿಂದೆ ಒಮ್ಮೆ ಜೇನು ಚುಚ್ಚಿದಾಗ ಏನೂ ಆಗದಿದ್ದವನಿಗೂ ಮುಂದೊಂದು ದಿನ ಹೀಗಾಗಬಹುದು. ನೂರರಲ್ಲಿ ಎಲ್ಲೋ ಕೆಲವರಿಗೆ ಮಾತ್ರ ಈ ಅಪಾಯ. ಆದರೆ ಆ ಕೆಲವರು ಯಾರೆಂದು ಅವರ ಹಣೆಯಲ್ಲಿ ಬರೆದಿರುವುದಿಲ್ಲ. ಲಕ್ಷಣಗಳನ್ನು ತಾವು ದಯವಿಟ್ಟು ಗಮನಿಸಬೇಕು. ಚುಚ್ಚಿದ ಕಡೆಯಲ್ಲದೆ ಮೈಯೆಲ್ಲ ದದ್ದು ಏಳುವುದು, ತುಟಿ ನಾಲಗೆಗಳು ಊದುವುದು, ಗಂಟಲು ಬಿಗಿದು ಧ್ವನಿ ಒಡೆಯುವುದು, ಉಸಿರು ಸಿಳ್ಳುಹಾಕುವುದು, ವಾಂತಿ, ತಲೆ ತಿರುಗುವಿಕೆ, ಕಣ್ಣು ಕತ್ತಲಿಡುವುದು. ಇವು ಸಾಮಾನ್ಯವಾಗಿ ನಿಮಿಷಗಳಲ್ಲಿ ತೋರುತ್ತವೆ. ಇಂಗ್ಲೆಂಡಿನಲ್ಲಿ ಇಂಥ ಮರಣಗಳನ್ನು ಪರಿಶೀಲಿಸಿ 2000ದಲ್ಲಿ ಪ್ರಕಟಿಸಿದ ವರದಿಯೊಂದರ ಪ್ರಕಾರ, ಕೀಟ ಚುಚ್ಚಿ ಸತ್ತವರಲ್ಲಿ ಅರ್ಧದಷ್ಟು ಜನರ ಉಸಿರೋ ಹೃದಯವೋ ನಿಂತುದು 15 ನಿಮಿಷಗಳೊಳಗೆ. ಹಳ್ಳಿಯಿಂದ ತಾಲ್ಲೂಕಿನ ಆಸ್ಪತ್ರೆಗೆ ಹೋಗುವ ದಾರಿಯನ್ನು ಇದರೊಡನೆ ಹೋಲಿಸಿದರೆ, ಕಾದು ನೋಡೋಣ ಎಂಬ ಮಾತಿಗೆ ಎಷ್ಟು ಬೆಲೆ ತೆರಬೇಕಾದೀತೆಂಬುದು ತಿಳಿಯುವುದು. ಪಟ್ಟಣದಲ್ಲಿರುವ ನಮಗೂ ವಾಹನಗಳ ಸಂದಣಿಯಲ್ಲಿ 15 ನಿಮಿಷ ದೊಡ್ಡ ಕಾಲವಲ್ಲ.

ಇದಕ್ಕೆ ಮದ್ದು ಇದೆ. ಅದರ ಹೆಸರು ಅಡ್ರಿನಲಿನ್. ತೊಡೆಯ ಹೊರಬದಿಯ ಸ್ನಾಯುವಿಗೆ ಚುಚ್ಚಿದರೆ ಸೋರುವ ರಕ್ತನಾಳಗಳನ್ನು ಬಿಗಿದು, ಉಸಿರಿನ ದಾರಿಯನ್ನು ತೆರೆದು, ಹೃದಯಕ್ಕೆ ಬಲ ಕೊಡುವುದು. ಇದು ದುಬಾರಿಯಾದ ಔಷಧವಲ್ಲ; ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿ ಸೇರಿರುವ ಹಳೆಯ ಮದ್ದು. ನವೆಯ ಮಾತ್ರೆ ಇದರ ಕೆಲಸವನ್ನು ಮಾಡಲಾರದು. ಆದುದರಿಂದ ಲಕ್ಷಣ ಕಂಡ ಕೂಡಲೇ 108ಕ್ಕೆ ಕರೆಮಾಡಬೇಕು. ಈ ಸೇವೆ ನಮ್ಮ ರಾಜ್ಯದಲ್ಲಿ 2008ರಿಂದ ನಡೆಯುತ್ತಿದೆ. ವಾಹನ ಬರುವ ತನಕ ರೋಗಿಯನ್ನು ಮಲಗಿಸಿ ಕಾಲುಗಳನ್ನು ಎತ್ತರಿಸಿ ಇಡಬೇಕು. ಉಸಿರು ಕಟ್ಟುವಂತಿದ್ದರೆ ಕಾಲು ಚಾಚಿ ಒರಗಿ ಕೂರಿಸಬಹುದು. ಎದ್ದು ನಡೆಯಿಸಬಾರದು, ತಟ್ಟನೆ ನಿಲ್ಲಿಸಿದುದರಿಂದಲೇ ಪ್ರಾಣ ಹೋದ ನಿದರ್ಶನಗಳುಂಟು. ಒಮ್ಮೆ ಚೇತರಿಸಿಕೊಂಡ ಬಳಿಕವೂ ಕೆಲವು ಗಂಟೆಗಳ ಮೇಲೆ ಲಕ್ಷಣಗಳು ಮರುಕಳಿಸಬಹುದು. ಆದಕಾರಣ ಆಸ್ಪತ್ರೆಯಲ್ಲಿ ಉಳಿಯಬೇಕು. ದೇಹಕ್ಕೆ ಬಿಡಬೇಕಾದುದನ್ನು ದೇಹಕ್ಕೆ ಬಿಡುವ ವಿವೇಕಕ್ಕೆ ಜೊತೆಯಾಗಿ, ಬಿಡಬಾರದ ಗಳಿಗೆಯನ್ನು ಗುರುತಿಸುವ ವಿವೇಕವೂ ಇರಬೇಕು.

ಇಲ್ಲಿ ಒಂದು ವಿಚಿತ್ರವನ್ನು ಹೇಳಬೇಕು. ಈ ಒಗ್ಗದಿಕೆಯನ್ನು ಗುಣಪಡಿಸುವ ಮದ್ದು ಯಾವುದೆಂದರೆ ಜೇನಿನ ವಿಷವೇ. ಹಿಂದೆ ಇಡೀ ಕೀಟವನ್ನು ಅರೆದು ತೆಗೆದ ಸಾರವನ್ನು ಚುಚ್ಚಿ ಚಿಕಿತ್ಸೆ ಮಾಡುತ್ತಿದ್ದರು. 1978ರಲ್ಲಿ ಅಮೆರಿಕದ ವೈದ್ಯರು ಒಗ್ಗದಿಕೆಯುಳ್ಳವರನ್ನು ಮೂರು ಗುಂಪುಮಾಡಿ, ಒಂದು ಗುಂಪಿಗೆ ಶುದ್ಧವಾದ ವಿಷವನ್ನು, ಇನ್ನೊಂದಕ್ಕೆ ಆ ಹಳೆಯ ಸಾರವನ್ನು, ಮತ್ತೊಂದಕ್ಕೆ ಮದ್ದೇ ಇಲ್ಲದ ನೀರನ್ನು ಕೊಟ್ಟು, ಆಮೇಲೆ ಕೀಟದಿಂದ ಚುಚ್ಚಿಸಿ ಪರೀಕ್ಷಿಸಿದರು. ಹಳೆಯ ಸಾರ ಪಡೆದವರಲ್ಲಿಯೂ ನೀರು ಪಡೆದವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಜನರಿಗೆ ತೊಂದರೆಯಾಯಿತು. ವಿಷವನ್ನು ಪಡೆದವರಲ್ಲಿ ತೊಂದರೆಯಾದುದು ಒಬ್ಬರಿಗೆ ಮಾತ್ರ. ಅನೇಕ ವರ್ಷಗಳ ಕಾಲ ನಂಬಿದ್ದ ಔಷಧ ಬರಿಯ ನೀರಿಗಿಂತ ಮೇಲಲ್ಲವೆಂದು ಅಂದು ಸಿದ್ಧವಾಯಿತು. ಕಣದಷ್ಟರಿಂದ ಆರಂಭಿಸಿ, ಕ್ರಮವಾಗಿ ಏರಿಸಿ, ಮೂರರಿಂದ ಐದು ವರ್ಷ ನಡೆಸುವ ಈ ಚಿಕಿತ್ಸೆ ಇಂದು ಸ್ಥಿರವಾಗಿ ನಿಂತಿದೆ.

ಹಾಗಾದರೆ ಜೇನಿನಿಂದ ಚುಚ್ಚಿಸಿಕೊಂಡರೆ ಎಲ್ಲ ನೋವೂ ಗುಣವಾಗುವುದೆಂದು ಹೇಳುವವರ ಮಾತು ನಿಜವೇ? 1888ರಲ್ಲಿ ಆಸ್ಟ್ರಿಯ ದೇಶದ ಫಿಲಿಪ್ ಟೆರ್ಚ್ ಎಂಬ ವೈದ್ಯ ಜೇನು ಚುಚ್ಚುವುದಕ್ಕೂ ಸಂಧಿವಾತಕ್ಕೂ ಇರುವ ಸಂಬಂಧವನ್ನು ಕುರಿತು ಬರೆದುದು ಮೊದಲಾಗಿ ಈ ಪದ್ಧತಿಗೆ ಅಭಿಮಾನಿಗಳಿದ್ದಾರೆ. ಆದರೆ ಸಂಧಿವಾತ ಮೊದಲಾದ ರೋಗಗಳು ಇದರಿಂದ ಗುಣವಾಗುವುವೆಂಬುದಕ್ಕೆ ಸಾಕಷ್ಟು ಪ್ರಮಾಣ ದೊರೆತಿಲ್ಲ. ಅಪಾಯಕ್ಕೆ ಮಾತ್ರ ಪ್ರಮಾಣ ದೊರೆತಿದೆ. ಎರಡು ವರ್ಷ ಇಂಥ ಚಿಕಿತ್ಸೆ ಪಡೆಯುತ್ತಿದ್ದ ಸ್ಪೇನಿನ ಮಹಿಳೆಯೊಬ್ಬರು ಅದರಿಂದಲೇ ಮೃತರಾದ ಸಂಗತಿ 2018ರಲ್ಲಿ ವೈದ್ಯಪತ್ರಿಕೆಯಲ್ಲಿ ವರದಿಯಾಯಿತು. ಯುಕ್ತಿಯರಿತು ಬಳಸಿದರೆ ವಿಷವೂ ಔಷಧವಾಗುವುದು, ಅರಿಯದೆ ಬಳಸಿದರೆ ಔಷಧವೂ ವಿಷವಾಗುವುದು ಎಂಬ ಅಭಿಪ್ರಾಯ ಚರಕಸಂಹಿತೆಯಷ್ಟು ಹಳೆಯದು. ವಿಷವನ್ನು ಮದ್ದಾಗಿಸುವುದು ಅಳತೆ. ಆ ಅಳತೆಯನ್ನು ನೊಣ ಬಲ್ಲದಲ್ಲ.

ಕೊನೆಯದಾಗಿ, ನೊಣದ ಪರವಾಗಿ ಒಂದು ಮಾತು. ಜೇನಿನ ಭಯಕ್ಕೆ ನಮ್ಮಲ್ಲಿ ಸಾಮಾನ್ಯವಾದ ಪರಿಹಾರ ಪಂಜು. ಸೂರಿನಲ್ಲಿ ಹೆಜ್ಜೇನು ಕಟ್ಟಿತೆಂದರೆ ರಾತ್ರಿ ಬೆಂಕಿ ಹಿಡಿದು ಸುಡಿಸುತ್ತೇವೆ. ಹೆಜ್ಜೇನು ಅಪಾಯಕಾರಿಯೆಂಬುದೇನೋ ನಿಜ. ಹಿಂಡು ಕೆರಳಿ ಬಂದರೆ ಮುಖ ಮುಚ್ಚಿಕೊಂಡು ಓಡಿ ಬಾಗಿಲು ಹಾಕಿಕೊಳ್ಳುವುದೇ ಉಪಾಯ. ನೀರಿನಲ್ಲಿ ಮುಳುಗುವುದು ಉಪಾಯವಲ್ಲ, ಅವು ಮೇಲೆ ಕಾದಿರುತ್ತವೆ. ಮೈಯಲ್ಲಿ ಹತ್ತಾರು ಮುಳ್ಳು ನೆಟ್ಟಿದ್ದರೆ, ಒಗ್ಗದಿಕೆ ಇಲ್ಲದವನಿಗೂ ವಿಷದ ಭಾರದಿಂದ ಮೂತ್ರಪಿಂಡಗಳು ಕೆಡಬಹುದು. ಅಂಥವನನ್ನು, ವಿಶೇಷವಾಗಿ ಮಕ್ಕಳನ್ನು, ಚೆನ್ನಾಗಿರುವಂತೆ ಕಂಡರೂ ಆಸ್ಪತ್ರೆಗೆ ಸೇರಿಸಬೇಕು. ಆದರೆ ಕಲ್ಲು, ಹೊಗೆ, ಹದ್ದು ಇಂಥ ಯಾವುದಾದರೊಂದು ಕೆಣಕದೆ ಹೆಜ್ಜೇನು ಹಿಂಡಾಗಿ ಎರಗುವುದು ಅಪೂರ್ವ. ಋತು ಮುಗಿದರೆ ತಾನೇ ಹಲ್ಲೆಯನ್ನು ಬಿಟ್ಟು ವಲಸೆ ಹೋಗುವ ಜೀವಿ ಅದು. ಜನಸಂಚಾರವಿಲ್ಲದ ಎತ್ತರದಲ್ಲಿದ್ದರೆ ಬಿಟ್ಟುಬಿಡಬಹುದು. ಇರಗೊಡಲಾಗದ ಜಾಗದಲ್ಲಿದ್ದರೆ ಬಲ್ಲವರನ್ನು ಕರೆಸಿ ತೆಗೆಸಬಹುದು.

ಸುಟ್ಟುದರಿಂದ ಆಗುವ ನಷ್ಟ ನೊಣದ್ದು ಮಾತ್ರವಲ್ಲ. ಆಗ ನಾನು ವರ್ಣಿಸಿದ ಹುಚ್ಚೆಳ್ಳು ತನ್ನ ಪರಾಗದಿಂದ ತಾನೇ ಚೆನ್ನಾಗಿ ಕಾಳು ಕಟ್ಟಲಾರದು. ಒಂದು ಗಿಡದ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಲು ನೊಣ ಬೇಕು. ಕೊಡಗಿನ ರೊಬಸ್ಟ ಕಾಫಿಯೂ ಹಾಗೆಯೇ. ಅಲ್ಲಿ ಹೂವಿಗೆ ಬರುವ ಮುಖ್ಯ ಅತಿಥಿಗಳಲ್ಲಿ ಹೆಜ್ಜೇನೂ ಒಂದು. 1991–92ರ ಸುಮಾರಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಹಬ್ಬಿ ತುಡುವೆಯ ಸಂಸಾರಗಳಲ್ಲಿ ಬಹುಪಾಲನ್ನು ಅಳಿಸಿಹಾಕಿತು. ಜೇನು ಸಾಕಿ ಬದುಕುತ್ತಿದ್ದ ಅನೇಕ ಮನೆಗಳಲ್ಲಿ ಪೆಟ್ಟಿಗೆಗಳು ಬರಿದಾದುವು. ಮತ್ತೆ ಚೇತರಿಸಿಕೊಳ್ಳಲು ಆ ಕುಲಕ್ಕೆ ವರ್ಷಗಳೇ ಹಿಡಿದುವು. ರೋಗವನ್ನು ದಾಟಿ ಬಂದ ಜೀವಿಗೆ ನಾವು ಪಂಜು ಹಿಡಿಯಬೇಕೆ ಎಂಬುದನ್ನು ತಾವೇ ಆಲೋಚಿಸಬೇಕು.

ಶ್ರೋತೃಗಳೇ, ನಾನು ಹೇಳಿದುದರಲ್ಲಿ ಇಷ್ಟು ನೆನಪಿನಲ್ಲಿದ್ದರೆ ಸಾಕು: ಮುಳ್ಳನ್ನು ಹೇಗಾದರೂ ಬೇಗ ತೆಗೆಯಿರಿ, ಆ ಜಾಗ ಬಿಟ್ಟು ದೂರ ಹೋಗಿರಿ, ಬಾವಿಗೆ ಹೆದರಬೇಡಿರಿ, ಚುಚ್ಚಿಸಿಕೊಂಡವನನ್ನು ಮೊದಲ ಒಂದು ಗಂಟೆ ಒಂಟಿಯಾಗಿ ಬಿಡಬೇಡಿರಿ, ಉಸಿರೋ ಗಂಟಲೋ ಕೆಟ್ಟರೆ ಅಡ್ರಿನಲಿನ್ ಇರುವ ಕಡೆಗೆ ತಡಮಾಡದೆ ಸಾಗಿಸಿರಿ. ಮನೆಯಲ್ಲಿ ಒಮ್ಮೆ ಹೀಗೆ ಆದವರಿದ್ದರೆ, ಮುಂದಿನ ಹೂಗಾಲಕ್ಕೆ ಮೊದಲೇ ಅವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗಿರಿ; ಅವರಿಗೆ ಚಿಕಿತ್ಸೆ ಉಂಟು.